ಓದುಗರ ಪ್ರಶ್ನೆ: ಗೋಡೆಗೆ ಅಂಟಿಸಿದ ವೇಳಾಪಟ್ಟಿ ಎರಡೇ ವಾರಕ್ಕೆ ಕೆಡುವುದೇಕೆ?

ಪ್ರಶ್ನೆ: ಈ ವರ್ಷ ಪದವಿಗೆ ಸೇರಿದ್ದೇನೆ. ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ಗಂಟೆಗೊಂದು ವಿಷಯ ಅಂತ ಬರೆದು ಗೋಡೆಗೆ ಅಂಟಿಸುತ್ತೇನೆ. ಎರಡು ವಾರ ನಡೆಯುತ್ತದೆ. ಆಮೇಲೆ ಅದನ್ನು ಕಣ್ಣೆತ್ತಿ ನೋಡಲೂ ಮನಸ್ಸಾಗುವುದಿಲ್ಲ. ಇಡೀ ಸೆಮಿಸ್ಟರಿಗೆ ಯೋಜನೆ ಹಾಕಿಕೊಳ್ಳುವುದು ಹೇಗೆ?
– ಮೊದಲ ವರ್ಷದ ವಿದ್ಯಾರ್ಥಿನಿ

ಉತ್ತರ: ನಿಮ್ಮ ಶ್ರದ್ಧೆಗೆ ಕೊರತೆಯಿಲ್ಲ, ದೋಷ ಇರುವುದು ಪಟ್ಟಿಯಲ್ಲೇ. ಯೋಜನೆಯನ್ನು ನಾಳೆ ಬೆಳಗಿನಿಂದ ಶುರುಮಾಡಬೇಡಿ, ಕೊನೆಯ ಪರೀಕ್ಷೆಯಿಂದ ಹಿಂದಕ್ಕೆ ಬನ್ನಿ.

ದೊಡ್ಡ ಹಾಳೆಯೊಂದರಲ್ಲಿ ವಾರಕ್ಕೊಂದು ಸಾಲು ಹಾಕಿ. ಸೆಮಿಸ್ಟರ್ ಸಾಮಾನ್ಯವಾಗಿ 15–16 ವಾರ ಇರುತ್ತದೆ. ಕಿರುಪರೀಕ್ಷೆ, ಅಸೈನ್‌ಮೆಂಟ್, ಸೆಮಿನಾರ್, ಲ್ಯಾಬ್ ರೆಕಾರ್ಡ್ ಎಲ್ಲದರ ದಿನಾಂಕವೂ ಮೊದಲ ವಾರದಲ್ಲೇ ಅದೇ ಹಾಳೆಗೆ ಇಳಿಯಬೇಕು. ಇನ್ನೂ ಗೊತ್ತಾಗದ್ದನ್ನು ಪೆನ್ಸಿಲ್‌ನಲ್ಲಿ ಅಂದಾಜಾಗಿ ಬರೆಯಿರಿ. ವಿಷಯಕ್ಕೊಂದು ಹಾಳೆ ಮಾಡಿದರೆ, 11ನೇ ವಾರದಲ್ಲಿ ಮೂರು ವಿಷಯದ ಕೆಲಸ ಒಟ್ಟಿಗೆ ಬಂದು ಕೂತಿರುವುದು ಕಾಣುವುದೇ ಇಲ್ಲ.

ಈಗ ಆ 11ನೇ ವಾರದಿಂದ ಹಿಂದಕ್ಕೆ ನಡೆಯಿರಿ. ಶುಕ್ರವಾರ 2,000 ಪದಗಳ ಪ್ರಬಂಧ ಕೊಡಬೇಕು ಅಂದುಕೊಳ್ಳಿ. ತಿದ್ದಿದ ಪ್ರತಿ 10ನೇ ವಾರದ ಕೊನೆಗೆ ಸಿದ್ಧವಿರಬೇಕು, ಮೊದಲ ಕರಡು 9ನೇ ವಾರಕ್ಕೆ. 7 ಮತ್ತು 8ನೇ ವಾರ ಓದಿಗೆ, ಟಿಪ್ಪಣಿಗೆ. ಹಾಗಾದರೆ ವಿಷಯ ಆರಿಸಿ ಅಧ್ಯಾಪಕರ ಒಪ್ಪಿಗೆ ಪಡೆಯುವುದು 6ನೇ ವಾರದಲ್ಲೇ ಮುಗಿಯಬೇಕು. ಹಾಳೆಯ ಮೇಲೆ ಕೊಡುವ ದಿನದ ಜೊತೆಗೆ ಈ ಶುರುಮಾಡುವ ದಿನವನ್ನೂ ಬರೆಯಿರಿ. ಹೆಚ್ಚಿನವರು ಬರೆಯುವುದು ಕೊಡುವ ದಿನ ಮಾತ್ರ, ಎಡವುವುದೂ ಅಲ್ಲೇ.

ಎಷ್ಟು ಹೊತ್ತು ಬೇಕೆಂಬ ಅಂದಾಜಿನಲ್ಲಿ ಎಲ್ಲರೂ ತಪ್ಪುತ್ತಾರೆ. ಮನೋವಿಜ್ಞಾನಿ ರೋಜರ್ ಬ್ಯೂಲರ್ ಮತ್ತು ಸಂಗಡಿಗರು 1994ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪದವಿಯ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳು ಸರಾಸರಿ 34 ದಿನ ಸಾಕು ಅಂದಿದ್ದರು. ಹಿಡಿದದ್ದು 55 ದಿನಕ್ಕೂ ಹೆಚ್ಚು. ಎಲ್ಲವೂ ಕೆಟ್ಟರೆ ಎಷ್ಟು ದಿನ ಎಂಬ ಪ್ರಶ್ನೆಗೂ ಅವರು ಕೊಟ್ಟ ಉತ್ತರ 49ರ ಆಸುಪಾಸಿನಲ್ಲಿತ್ತು. ಆದ್ದರಿಂದ ನಿಮ್ಮ ಅಂದಾಜಿಗೆ ಅರ್ಧದಷ್ಟು ಸೇರಿಸಿಕೊಳ್ಳಿ: 4 ಗಂಟೆ ಅನ್ನಿಸಿದರೆ 6 ಎಂದು ಬರೆಯಿರಿ.

ದಿನದ ಪಟ್ಟಿ ಇದಾದ ಮೇಲಿನ ಮಾತು. ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಮುಂದಿನ ಏಳು ದಿನಕ್ಕಷ್ಟೇ ಬರೆಯಿರಿ. ‘ಗಣಿತ’ ಎಂದು ಬರೆಯಬೇಡಿ. ‘3ನೇ ಅಧ್ಯಾಯ, 1ರಿಂದ 8ನೇ ಲೆಕ್ಕ’ ಎಂದು ಬರೆಯಿರಿ. ಮುಗಿಯಿತೋ ಇಲ್ಲವೋ ತಿಳಿಯುವುದು ಹಾಗೆ ಬರೆದಾಗಲೇ. ವಾರದಲ್ಲಿ ಎರಡು ಸಲ, ತಲಾ 2 ಗಂಟೆ ಖಾಲಿ ಬಿಡಿ. ನಿಮ್ಮ ಗೋಡೆಯ ಪಟ್ಟಿಯಲ್ಲಿ ಒಂದು ಗಂಟೆಯೂ ಬಿಡುವಿರಲಿಲ್ಲ. ಒಂದು ದಿನ ಜ್ವರ ಬಂದರೂ ಬಾಕಿ ಉಳಿದದ್ದನ್ನು ಇಡಲು ಜಾಗವಿಲ್ಲದೆ ಪಟ್ಟಿಯೇ ಸುಳ್ಳಾಗುತ್ತದೆ.

ಪ್ರಶ್ನೆ: ಪ್ರತಿ ಪಾಠವನ್ನೂ ಮೂರು ಮೂರು ಸಲ ಓದುತ್ತೇನೆ. ಓದುವಾಗ ಎಲ್ಲ ಗೊತ್ತಿದೆ ಅನ್ನಿಸುತ್ತದೆ, ಪರೀಕ್ಷೆಯಲ್ಲಿ ಕೈ ಓಡುವುದಿಲ್ಲ. ಯಾಕೆ?

ಉತ್ತರ: ಕಣ್ಣಿಗೆ ಪರಿಚಯವಾದದ್ದನ್ನು ನೀವು ನೆನಪು ಎಂದುಕೊಳ್ಳುತ್ತಿದ್ದೀರಿ. ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಇದನ್ನೇ ಪರೀಕ್ಷಿಸಿದರು. ಒಂದು ಗುಂಪಿನವರು ಪಾಠವನ್ನು ಮತ್ತೆ ಓದಿದರು, ಇನ್ನೊಂದು ಗುಂಪಿನವರು ಪುಸ್ತಕ ಮುಚ್ಚಿ ನೆನಪಾದದ್ದನ್ನು ಬರೆದರು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದಿದ್ದರು. ಒಂದು ವಾರದ ನಂತರ ಕೇಳಿದಾಗ ಬರೆದವರು ಮುಂದಾದರು. ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲವಲ್ಲ!

ಟಿಪ್ಪಣಿ ಹಾಳೆಯ ಎಡಕ್ಕೆ ಸುಮಾರು ಎರಡೂವರೆ ಇಂಚು ಬಿಟ್ಟು ಗೆರೆ ಎಳೆಯಿರಿ. ತರಗತಿಯಲ್ಲಿ ಬರೆಯುವುದು ಬಲಭಾಗದಲ್ಲಿ. ಅದೇ ಸಂಜೆ ಎಡಭಾಗದಲ್ಲಿ ಪ್ರಶ್ನೆಗಳನ್ನು ಬರೆಯಿರಿ, ಪುಟಕ್ಕೆ ನಾಲ್ಕೈದು ಸಾಕು. ‘ದ್ಯುತಿಸಂಶ್ಲೇಷಣೆ’ ಎಂಬ ತಲೆಬರಹ ಪ್ರಶ್ನೆಯಾಗದು, ‘ಬೆಳಕಿಲ್ಲದಾಗ ಯಾವ ಹಂತ ನಿಲ್ಲುತ್ತದೆ, ಏಕೆ?’ ಎಂಬುದು ಪ್ರಶ್ನೆ. ಆಮೇಲೆ ಬಲಭಾಗ ಮುಚ್ಚಿ ಉತ್ತರ ಬರೆಯಿರಿ: ಎರಡು ದಿನದ ನಂತರ ಒಮ್ಮೆ, ವಾರದ ನಂತರ ಒಮ್ಮೆ, ಮೂರು ವಾರದ ನಂತರ ಇನ್ನೊಮ್ಮೆ. ತಪ್ಪಿದ ಪ್ರಶ್ನೆಗೆ ಚುಕ್ಕೆ ಇಡಿ, ಮುಂದಿನ ಸಲ ಅದರಿಂದಲೇ ಶುರುಮಾಡಿ. ಮೊದಮೊದಲು ಅರ್ಧಕ್ಕರ್ಧ ನೆನಪಾಗದೆ ಬೇಸರವಾಗುತ್ತದೆ. ದಯವಿಟ್ಟು ಅಲ್ಲಿ ಬಿಡಬೇಡಿ, ತಡಕಾಡಿ ಹೊರತೆಗೆದದ್ದೇ ಗಟ್ಟಿಯಾಗಿ ನಿಲ್ಲುತ್ತದೆ.

ಪ್ರಶ್ನೆ: ಐದು ವಾರ ಕಳೆದುಹೋಯಿತು, ಒಂದು ವಿಷಯದಲ್ಲಿ ಪೂರ್ತಿ ಹಿಂದೆ ಬಿದ್ದಿದ್ದೇನೆ. ಮೊದಲಿನಿಂದ ಓದಿಕೊಂಡು ಬರಲೇ?

ಉತ್ತರ: ಬೇಡ. ಮೊದಲ ಪುಟದಿಂದ ಹೊರಟರೆ ತರಗತಿ ಇನ್ನೂ ಮುಂದೆ ಹೋಗುತ್ತಿರುತ್ತದೆ, ನೀವು ಸದಾ ಹಿಂದೆಯೇ ಉಳಿಯುತ್ತೀರಿ. ಇಂದಿನ ಪಾಠವನ್ನು ಇಂದೇ ಹಿಡಿಯಿರಿ. ಅದರಲ್ಲಿ ಅರ್ಥವಾಗದ ಜಾಗಕ್ಕೆ ಹಳೆಯ ಯಾವ ಅಧ್ಯಾಯ ಬೇಕೋ ಅದನ್ನಷ್ಟೇ ತೆರೆಯಿರಿ. ಉಳಿದ ಬಾಕಿಗೆ ದಿನಕ್ಕೆ 40 ನಿಮಿಷ ಬೇರೆ ಇಡಿ. ಈ ವಾರವೇ ಅಧ್ಯಾಪಕರನ್ನು ಕಾಣಿ. ‘ಏನೂ ಅರ್ಥವಾಗಿಲ್ಲ ಸರ್’ ಎಂದರೆ ಅವರಿಗೂ ಎಲ್ಲಿಂದ ಹೇಳಬೇಕೆಂದು ತಿಳಿಯದು. ಬಿಡಿಸಲು ಹೋಗಿ ನಿಂತುಹೋದ ಲೆಕ್ಕವನ್ನೇ ತೆಗೆದುಕೊಂಡು ಹೋಗಿ, ನಿಂತ ಸಾಲಿನ ಮೇಲೆ ಬೆರಳಿಟ್ಟು ಕೇಳಿ.