ಕಲಬುರಗಿ ಇಡೀ ಊರಿಗೆ ಸೈಕಲ್ ದಾರಿ ಬೇಕೆಂದರೆ ಪಾಲಿಕೆಗೆ ಏನಂತ ಬರೆಯಬೇಕು?

ನೀವು ಕೇಳಿದ್ದು ಇಷ್ಟು: ಬಡಾವಣೆ ಸಂಘದಿಂದ ಮಹಾನಗರ ಪಾಲಿಕೆಗೆ ಮನವಿ ಕೊಡಬೇಕೆಂದಿದ್ದೀರಿ, ಯಾವುದೋ ಒಂದು ರಸ್ತೆಗಲ್ಲ, ಇಡೀ ಊರಿಗೆ ಸೈಕಲ್ ದಾರಿ ಬೇಕು, ಎಲ್ಲಿಂದ ಶುರು ಮಾಡಬೇಕು, ಏನೇನು ಬರೆಯಬೇಕು ಅಂತ.

ಮೊದಲೇ ಹೇಳಿಬಿಡುತ್ತೇನೆ, ಅಪ್ಪನ ಕೆರೆ ಸುತ್ತ ಕೆಂಪು ಬಣ್ಣದ ಟ್ರ್ಯಾಕ್ ಮಾಡಿಕೊಡಿ ಎಂದು ಕೇಳಬೇಡಿ. ಅದನ್ನು ಬೇಗ ಮಾಡಿಕೊಡುತ್ತಾರೆ, ಉದ್ಘಾಟನೆಯೂ ಆಗುತ್ತದೆ, ಆಮೇಲೆ ಅದು ವಾಕಿಂಗ್ ಜಾಗ ಆಗುತ್ತದೆ. ನಮ್ಮ ಊರಲ್ಲಿ ದಿನಾ ಸೈಕಲ್ ತುಳಿಯುವವರು ಗಂಜಿನ (ನೆಹರು ಗಂಜ್ ಧಾನ್ಯದ ಪೇಟೆಯ) ಹಮಾಲರು, ಹಾಲು-ಪೇಪರ್ ಹಾಕುವವರು, ಗೌಂಡಿ ಕೆಲಸದವರು, ಕಪನೂರ ಇಂಡಸ್ಟ್ರಿಯಲ್ ಏರಿಯಾಕ್ಕೆ ಪಾಳಿಗೆ ಹೋಗುವವರು, ಹೈಸ್ಕೂಲ್ ಮಕ್ಕಳು. ಇವರಿಗೆ ದಾರಿ ಈಗಾಗಲೇ ಗೊತ್ತು. ಆ ದಾರಿ ಎಲ್ಲಿ ಕಡಿದುಹೋಗುತ್ತದೆ ಎಂದು ಹುಡುಕಿ ಜೋಡಿಸುವುದೇ ಇಡೀ ಕೆಲಸ. ಅದು ಕಡಿಯುವುದು ಬಹುತೇಕ ಸರ್ಕಲ್ಲಿನಲ್ಲಿ, ಇಲ್ಲವೇ ರೈಲು ಹಳಿ, ರಿಂಗ್ ರೋಡ್ ದಾಟುವಲ್ಲಿ.

ಆದ್ದರಿಂದ ಊರಿನ ನಕ್ಷೆ ಮೇಲೆ ಮೊದಲು ಗುರುತು ಹಾಕಬೇಕಾದದ್ದು ಅಡ್ಡಿಗಳನ್ನು. ಸೊಲ್ಲಾಪುರ–ವಾಡಿ ರೈಲು ಮಾರ್ಗ ಊರನ್ನು ಸೀಳಿಕೊಂಡು ಹೋಗುತ್ತದೆ, ಅದನ್ನು ದಾಟಲು ಇರುವ ಜಾಗ ಕೆಲವೇ. ಸುತ್ತ ರಿಂಗ್ ರೋಡ್, ಅದರ ಮೇಲೆ ಲಾರಿಗಳು. ಒಳಗೆ ನಾಲಾಗಳು, ಕೋಟೆಯ ಕಂದಕ, ಸರ್ಕಾರಿ ಆವರಣಗಳ ಉದ್ದುದ್ದ ಕಾಂಪೌಂಡು. ಹಳಿಯಾಚೆ ಮನೆ, ಹಳಿಯೀಚೆ ಶಾಲೆ ಇರುವ ಮಗುವಿಗೆ ನೇರವಾಗಿ ಒಂದು ಕಿಲೋಮೀಟರ್ ಇರುವುದು ಸುತ್ತಿ ಮೂರು ಆಗಿದ್ದರೆ ನಿಮ್ಮ ಮನವಿಯ ಮೊದಲ ಸಾಲು ಅದೇ. ಸುತ್ತು ದಾರಿ ನೇರ ದೂರದ ಒಂದೂಕಾಲು ಪಟ್ಟು ದಾಟಿದರೆ ಸೈಕಲ್ಲಿನವರು ಅದನ್ನು ಬಿಟ್ಟು ಅಪಾಯದ ದಾರಿಯನ್ನೇ ಹಿಡಿಯುತ್ತಾರೆ.

ಎರಡನೆಯದು ಎಣಿಕೆ. ಹನ್ನೆರಡು-ಹದಿನೈದು ಜಾಗ ಸಾಕು: ಸ್ಟೇಷನ್ ಎದುರು, ಪಟೇಲ್ ಸರ್ಕಲ್, ಜಗತ್, ಸೂಪರ್ ಮಾರ್ಕೆಟ್, ನೆಹರು ಗಂಜ್, ರಾಮ ಮಂದಿರ ಸರ್ಕಲ್, ಆಳಂದ ರಸ್ತೆ, ಸೇಡಂ ರಸ್ತೆ ಹೀಗೆ. ಬೆಳಿಗ್ಗೆ 7ರಿಂದ 10, ಸಂಜೆ 4.30ರಿಂದ 7.30, ಎರಡು ಕೆಲಸದ ದಿನ, ಒಂದು ಭಾನುವಾರ. ಹದಿನೈದು ನಿಮಿಷಕ್ಕೊಮ್ಮೆ ಗೆರೆ ಹಾಕಿ, ಬರೀ ಒಟ್ಟು ಸಂಖ್ಯೆ ಬೇಡ. ಹೆಣ್ಣುಮಕ್ಕಳೆಷ್ಟು, ಯೂನಿಫಾರ್ಮಿನವರೆಷ್ಟು, ಹೊರೆ ಇರುವವರೆಷ್ಟು, ಎದುರು ದಿಕ್ಕಿನಲ್ಲಿ ಬರುವವರೆಷ್ಟು, ಬೇರೆ ಬೇರೆ ಬರೆಯಬೇಕು. ಹೆಣ್ಣುಮಕ್ಕಳ ಪಾಲು ತೀರಾ ಕಡಿಮೆ ಇರುವ ರಸ್ತೆ ಎಂದರೆ ಜನ ಹೆದರುವ ರಸ್ತೆ. ಎದುರು ದಿಕ್ಕಿನವರು ಹೆಚ್ಚಿದ್ದರೆ ಅಲ್ಲಿ ಡಿವೈಡರಿಗೆ ದಾಟುವ ಕಿಂಡಿ ಇಲ್ಲ ಎಂದರ್ಥ. ಅದಕ್ಕೆ ಅವರನ್ನು ಬೈದು ಪ್ರಯೋಜನವಿಲ್ಲ.

ಈ ಎಣಿಕೆಯನ್ನು ಏಪ್ರಿಲ್–ಮೇ ತಿಂಗಳಲ್ಲಿ ಮಾಡಲೇಬೇಡಿ. ಆಗ ನಮ್ಮ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ 1.30ರವರೆಗೆ ನಡೆಯುತ್ತವೆ, ಶಾಲೆಗೆ ರಜೆ, ಬಿಸಿಲು 40 ಡಿಗ್ರಿ ದಾಟಿರುತ್ತದೆ. ಆ ಲೆಕ್ಕ ನೋಡಿ ಇಂಜಿನಿಯರು ‘ಸೈಕಲ್ಲೇ ಇಲ್ಲವಲ್ಲ’ ಎಂದರೆ ಉತ್ತರ ಕೊಡಲಾಗುವುದಿಲ್ಲ. ಜುಲೈ ಕೊನೆಯಲ್ಲಿ ಒಮ್ಮೆ ಮಾಡಿ, ತೊಗರಿ ಗಂಜಿಗೆ ಬರುವ ಡಿಸೆಂಬರ್–ಜನವರಿಯಲ್ಲಿ ಇನ್ನೊಮ್ಮೆ ಮಾಡಿ. ನಿಂತ ಸೈಕಲ್ಲನ್ನೂ ಎಣಿಸಿ: ಶಾಲೆಯ ಅಂಗಳ, ಗಂಜಿನ ಅಡತಿ ಅಂಗಡಿಗಳ ಮುಂದೆ, ಬಸ್ ನಿಲ್ದಾಣದ ಪಕ್ಕ. ಓಡುವ ಸೈಕಲ್ ಕಣ್ಣಿಗೆ ಬೀಳದೆ ಹೋಗಬಹುದು, ನಿಂತದ್ದು ತಪ್ಪುವುದಿಲ್ಲ. ಎಂಟರಿಂದ ಹತ್ತನೇ ತರಗತಿ ಮಕ್ಕಳಿಗೆ ನಕ್ಷೆಯ ಜೆರಾಕ್ಸ್ ಕೊಟ್ಟು, ಮನೆಯಿಂದ ಶಾಲೆಗೆ ಬರುವ ದಾರಿಯನ್ನು ನೀಲಿ ಪೆನ್ನಿನಲ್ಲಿ, ಹೆದರಿಕೆಯಾಗುವ ಜಾಗವನ್ನು ಕೆಂಪಿನಲ್ಲಿ ಗುರುತು ಮಾಡಿಸಿ. ಒಂದು ತರಗತಿಗೆ ಒಂದು ಪೀರಿಯಡ್ ಸಾಕು. ಜೊತೆಗೆ ಕಳೆದ ಮೂರು ವರ್ಷದ ಅಪಘಾತಗಳು ಎಲ್ಲೆಲ್ಲಿ ಆದವು ಎಂಬ ಪಟ್ಟಿಯನ್ನು ಮಾಹಿತಿ ಹಕ್ಕಿನಡಿ ಸಂಚಾರ ಠಾಣೆಯಿಂದ ಪಡೆಯಿರಿ. ಮೂರನ್ನೂ ಒಂದೇ ನಕ್ಷೆ ಮೇಲೆ ಇಟ್ಟರೆ ಜಾಲ ತಾನೇ ಕಾಣುತ್ತದೆ.

ದಾರಿಗಳ ನಡುವಿನ ಅಂತರ ಹಳೇ ಊರಿನ ದಟ್ಟ ಭಾಗದಲ್ಲಿ 400–500 ಮೀಟರ್, ಹೊರ ಬಡಾವಣೆಗಳಲ್ಲಿ ಒಂದು ಕಿಲೋಮೀಟರ್ ಇರಲಿ. ಎಲ್ಲಾ ಕಡೆ ಪ್ರತ್ಯೇಕ ಟ್ರ್ಯಾಕ್ ಬೇಕಿಲ್ಲ. ವಾಹನ ಗಂಟೆಗೆ 30 ಕಿ.ಮೀ. ಒಳಗೆ ಹೋಗುವ ಓಣಿಯಲ್ಲಿ ಸೈಕಲ್ ಎಲ್ಲರ ಜೊತೆಗೇ ಹೋಗಲಿ, ಅಲ್ಲಿ ಬೇಕಾದದ್ದು ವೇಗ ಇಳಿಸುವುದು ಮಾತ್ರ. ಅದಕ್ಕೆ ಸರಿಯಾದ ಉಬ್ಬು ಎಂದರೆ 3.7 ಮೀಟರ್ ಉದ್ದ, ನಡುವೆ 10 ಸೆಂ.ಮೀ. ಎತ್ತರ, ಕಮಾನಿನಂತೆ ದುಂಡಗೆ. ರಸ್ತೆ ಕೆಲಸಕ್ಕೆ ಅಳತೆ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಲೆಕ್ಕವೂ ಅದೇ. ರಾತ್ರೋರಾತ್ರಿ ಡಾಂಬರು ಸುರಿದು ಮಾಡುವ ಗೇಣುದ್ದದ ದಿಬ್ಬ ಸೈಕಲ್ ಸವಾರನನ್ನು ಕೆಡವುತ್ತದೆ, ಕಾರಿಗೆ ಏನೂ ಮಾಡುವುದಿಲ್ಲ. ಕೆಲವು ಓಣಿಗಳು ಒಂದು ಗೋಡೆಗೆ ಬಂದು ಮುಗಿಯುತ್ತವೆ. ಅಲ್ಲಿ ಒಂದೂವರೆ ಮೀಟರಿನ ಕಿಂಡಿ ತೆಗೆದರೆ ಮುಖ್ಯ ರಸ್ತೆ ಮುಟ್ಟದೆ ಅರ್ಧ ಊರು ದಾಟಬಹುದು. ಇಡೀ ಯೋಜನೆಯಲ್ಲಿ ಇದಕ್ಕಿಂತ ಅಗ್ಗದ ಕೆಲಸ ಇನ್ನೊಂದಿಲ್ಲ. ಓಣಿಯವರನ್ನು ಕೂರಿಸಿ ಮಾತಾಡಿ ಒಪ್ಪಿಸಿದ ಮೇಲೆಯೇ ಮಾಡಿಸಿ.

ವಾಹನ 50ರ ವೇಗದಲ್ಲಿ ಓಡುವ ಸೇಡಂ ರಸ್ತೆ, ಜೇವರ್ಗಿ ರಸ್ತೆ, ಹುಮನಾಬಾದ್ ರಸ್ತೆಯಂಥ ಕಡೆ ಟ್ರ್ಯಾಕ್ ಬೇರೆಯೇ ಆಗಬೇಕು. ಬರೀ ಬಿಳಿ ಗೆರೆ ಹೊಡೆದರೆ ಅದು ಆಟೋ ಸ್ಟ್ಯಾಂಡ್ ಆಗುತ್ತದೆ. 24 ಮೀಟರ್ ಅಗಲದ ರಸ್ತೆಗೆ ಲೆಕ್ಕ ಹೀಗೆ ಕೂರುತ್ತದೆ: ಎರಡೂ ಮಗ್ಗುಲಲ್ಲಿ 2 ಮೀಟರ್ ಫುಟ್‌ಪಾತ್, 2 ಮೀಟರ್ ಸೈಕಲ್ ಟ್ರ್ಯಾಕ್, ಟ್ರ್ಯಾಕಿಗೂ ವಾಹನ ಪಥಕ್ಕೂ ನಡುವೆ ಮುಕ್ಕಾಲು ಮೀಟರ್ ತಡೆಪಟ್ಟಿ, ನಡುವೆ ತಲಾ 6.5 ಮೀಟರಿನ ಎರಡು ವಾಹನ ಪಥ, ಒಂದೂವರೆ ಮೀಟರ್ ಡಿವೈಡರ್. ಟ್ರ್ಯಾಕ್ ವಾಹನ ಪಥಕ್ಕಿಂತ 10 ಸೆಂ.ಮೀ. ಮೇಲೆ, ಫುಟ್‌ಪಾತ್ ಅದಕ್ಕಿಂತ ಇನ್ನೂ 5 ಸೆಂ.ಮೀ. ಮೇಲೆ. ತಡೆಪಟ್ಟಿ ಬಿಟ್ಟರೆ ನಿಂತ ಕಾರಿನ ಬಾಗಿಲು ತೆರೆದು ಸವಾರನ ಮೊಣಕಾಲಿಗೆ ಬಡಿಯುತ್ತದೆ. ಮನೆ, ಅಂಗಡಿಗಳ ಗೇಟಿನ ಮುಂದೆ ಟ್ರ್ಯಾಕನ್ನು ಇಳಿಸಿ ಏರಿಸಬಾರದು. ಅದು ಸಮತಟ್ಟಾಗಿಯೇ ಹೋಗಲಿ, ಕಾರು ಏರುವ ಇಳಿಜಾರು ತಡೆಪಟ್ಟಿಯ ಜಾಗದಲ್ಲೇ ಮುಗಿಯಲಿ.

ಟ್ರ್ಯಾಕಿಗೆ ಬೈಕ್ ನುಗ್ಗುತ್ತದಲ್ಲ ಎಂದು ಎಲ್ಲರೂ ಕೇಳುತ್ತಾರೆ. ಬೈಕನ್ನು ತಡೆದು ಸೈಕಲ್ಲನ್ನು ಬಿಡುವ ಕಂಬ ಇಲ್ಲ, ಎರಡರ ಹ್ಯಾಂಡಲ್ ಅಗಲದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಕಂಬಗಳ ನಡುವೆ 1.2 ಮೀಟರ್ ಬಿಟ್ಟರೆ ಆಟೋ ನಿಲ್ಲುತ್ತದೆ, ವ್ಹೀಲ್‌ಚೇರ್ ಹೋಗುತ್ತದೆ, ಅಷ್ಟು ಸಾಕು. ಬೈಕ್ ನುಗ್ಗಲು ಕಾರಣ ಬೇರೆ: ಡಿವೈಡರ್ ದಾಟಲು ಕಿಂಡಿ ದೂರ, ಆಮೇಲೆ ಟ್ರ್ಯಾಕ್ ಒಂದೇ ಮಗ್ಗುಲಲ್ಲಿ ಎರಡೂ ದಿಕ್ಕಿಗೆ ಅಗಲವಾಗಿ ಇರುವುದು. ಎರಡೂ ಮಗ್ಗುಲಲ್ಲಿ ಒಂದೊಂದು ದಿಕ್ಕಿನ ಟ್ರ್ಯಾಕ್ ಮಾಡಿ, 200–250 ಮೀಟರಿಗೊಂದು ದಾಟು ಕೊಟ್ಟರೆ ಈ ಕಾಟ ಬಹಳಷ್ಟು ತಗ್ಗುತ್ತದೆ.

ಇನ್ನು ನಮ್ಮ ಮಣ್ಣಿನ ವಿಷಯ. ಇದನ್ನು ಟೆಂಡರಿನಲ್ಲಿ ಬರೆಸದಿದ್ದರೆ ಉಳಿದದ್ದೆಲ್ಲ ವ್ಯರ್ಥ. ಎರೆಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈಬೆರಳು ಹೋಗುವಷ್ಟು ಬಿರಿಯುತ್ತದೆ. ಅದರ ಮೇಲೆ ನೇರವಾಗಿ ಮರಳು ಹಾಸಿ ಪೇವರ್ ಬ್ಲಾಕ್ ಕೂರಿಸಿದರೆ ಎರಡು ಮಳೆಗಾಲದಲ್ಲಿ ಅಲೆ ಅಲೆಯಾಗಿ ಏಳುತ್ತದೆ. ಕನಿಷ್ಠ ಒಂದೂವರೆ ಅಡಿ ಎರೆ ತೆಗೆದು, ಮುರುಮ್ (ಗರಸು ಮಣ್ಣು) ತುಂಬಿ, ಪದರ ಪದರವಾಗಿ ನೀರು ಹೊಡೆದು ರೋಲರ್ ಹಾಯಿಸಬೇಕು. ಅದರ ಮೇಲೆ 15 ಸೆಂ.ಮೀ. ಜಲ್ಲಿ ಪದರ, ಅದರ ಮೇಲೆ 10 ಸೆಂ.ಮೀ. ಕಾಂಕ್ರೀಟ್, ಗೇಟುಗಳ ಮುಂದೆ 15. ಎರಡೂವರೆ ಮೀಟರಿಗೊಂದು ಜಾಯಿಂಟನ್ನು ಕಟರ್‌ನಿಂದ ಸೀಳಬೇಕು. ಕರಣೆಯಿಂದ ಗೀರಿದ ಅಗಲ ಜಾಯಿಂಟ್ ಚಕ್ರಕ್ಕೆ ಟಕ್ ಟಕ್ ಎಂದು ಬಡಿಯುತ್ತಲೇ ಇರುತ್ತದೆ. ನೀರು ಹರಿಯಲು ನೂರಕ್ಕೆ ಎರಡರಷ್ಟು ಓರೆ ಸಾಕು. ಶಹಾಬಾದ್ ಕಲ್ಲು ನಮ್ಮ ಹೆಮ್ಮೆಯೇ ಸರಿ, ಆದರೆ ತುಳಿದು ನುಣುಪಾದ ಕಲ್ಲಿನ ಮೇಲೆ ಮಳೆ ಬಿದ್ದರೆ ಸೈಕಲ್ ಜಾರುತ್ತದೆ; ಫುಟ್‌ಪಾತಿಗೆ ಒರಟು ಮುಖ ಮೇಲೆ ಮಾಡಿ ಬಳಸಲಿ, ಟ್ರ್ಯಾಕಿಗೆ ಬೇಡ. ಬಣ್ಣವೂ ಅಷ್ಟೇ, ಅಡ್ಡರಸ್ತೆ ಸೇರುವಲ್ಲಿ ಮಾತ್ರ ಇರಲಿ.

ಚರಂಡಿಯ ಮೇಲೆ ಟ್ರ್ಯಾಕ್ ಮಾಡಲು ಬಿಡಬೇಡಿ. ಜಾಗ ಇಲ್ಲ ಎಂದು ಸ್ಲ್ಯಾಬಿನ ಮೇಲೆಯೇ ಬಣ್ಣ ಬಳಿಯುವುದು ರೂಢಿ. ಹತ್ತಿರ ಕೂತು ಒಂದು ಸ್ಲ್ಯಾಬ್ ನೋಡಿ: ಪಕ್ಕದ್ದಕ್ಕೂ ಅದಕ್ಕೂ ಬೆರಳಗಲ ಏರುಪೇರು, ಎತ್ತಲು ಬಿಟ್ಟ ತೂತು, ಮೂಲೆ ಒಡೆದು ಹೊರಬಂದ ಕಬ್ಬಿಣದ ಸರಳು. ಹೂಳೆತ್ತಲು ತೆಗೆದ ಮೇಲೆ ಅದು ಮೊದಲಿನಂತೆ ಕೂರುವುದೇ ಇಲ್ಲ. ಜಾಲರಿ ಇನ್ನೂ ಕೆಟ್ಟದ್ದು. ಹಳೆಯ 28 ಇಂಚಿನ ಸೈಕಲ್ಲಿನ ಟೈರ್ ಅಗಲ ಒಂದೂವರೆ ಇಂಚು, ಗೇರ್ ಸೈಕಲ್ಲಿನ ತೆಳು ಟೈರ್ ಒಂದು ಇಂಚಿನ ಆಸುಪಾಸು. ಸರಳುಗಳು ಸೈಕಲ್ ಹೋಗುವ ದಿಕ್ಕಿಗೇ ಉದ್ದಕ್ಕೆ ಇದ್ದರೆ ಮುಂದಿನ ಚಕ್ರ ಸಿಕ್ಕಿ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಬೀಳುತ್ತಾನೆ. ಸರಳು ಅಡ್ಡಕ್ಕಿರಬೇಕು, ಸಂದು 12 ಮಿ.ಮೀ. ಮೀರಬಾರದು. ಚರಂಡಿ ಫುಟ್‌ಪಾತ್ ಅಡಿಗೆ ಹೋಗಲಿ.

ಈಗ ಸರ್ಕಲ್. ಹಣದ ದೊಡ್ಡ ಪಾಲು ಇಲ್ಲಿಗೇ ಹೋಗಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಟ್ರ್ಯಾಕ್ ಚೆನ್ನಾಗಿ ಬಂದು ಪಟೇಲ್ ಸರ್ಕಲ್ಲಿಗೆ 30 ಮೀಟರ್ ಮುಂಚೆ ಮಾಯವಾದರೆ, ಆ ಟ್ರ್ಯಾಕ್ ಸವಾರನನ್ನು ತಂದು ಅಪಾಯದ ಬಾಯಿಗೆ ಬಿಟ್ಟಂತೆ. ಮೊದಲು ಫ್ರೀ ಲೆಫ್ಟ್, ಅಂದರೆ ಸಿಗ್ನಲ್ ಕಾಯದೆ ಎಡಕ್ಕೆ ತಿರುಗುವ ದಾರಿ, ಮುಚ್ಚಬೇಕು. ಮೂಲೆಯ ತಿರುವಿನ ತ್ರಿಜ್ಯ 4–6 ಮೀಟರಿಗೆ ಇಳಿದರೆ ತಿರುಗುವ ಗಾಡಿ ತಾನೇ ನಿಧಾನವಾಗುತ್ತದೆ. ಬಸ್ಸು ತಿರುಗುವ ಮೂಲೆಗೆ ಮಾತ್ರ ಹೆಚ್ಚು ಬಿಡಿ. ಅಡ್ಡರಸ್ತೆ ಬಾಯಲ್ಲಿ ಟ್ರ್ಯಾಕ್ ಎತ್ತರದಲ್ಲೇ ಮುಂದುವರಿಯಬೇಕು, ವಾಹನ ಅದನ್ನು ಏರಿ ಇಳಿಯಲಿ. ಸಿಗ್ನಲ್ಲಿನಲ್ಲಿ ವಾಹನಗಳ ನಿಲುಗಡೆ ಗೆರೆಗಿಂತ 4 ಮೀಟರ್ ಮುಂದೆ ಸೈಕಲ್ಲಿಗೆ ಜಾಗ, 4–5 ಸೆಕೆಂಡ್ ಮೊದಲೇ ಹಸಿರು. ಬಲಕ್ಕೆ ಹೋಗುವವನು ನಡುರಸ್ತೆಗೆ ನುಗ್ಗದೆ, ಮೊದಲು ನೇರ ದಾಟಿ ಆಚೆ ಮೂಲೆಯ ಚೌಕದಲ್ಲಿ ನಿಂತು, ಮುಂದಿನ ಹಸಿರಿಗೆ ಹೋಗುವಂತೆ ಗುರುತು ಬೇಕು. 24 ಮೀಟರ್ ಅಗಲ ದಾಟಲು ನಿಂತ ಸೈಕಲ್ಲಿಗೆ ಎಂಟೊಂಬತ್ತು ಸೆಕೆಂಡ್ ಬೇಕು. ಹಸಿರಿನ ಕೊನೆಗೆ ಹೊರಟವನಿಗೆ ಮೂರು ಸೆಕೆಂಡಿನ ಹಳದಿ ಸಾಲದು, ಅದರ ಮೇಲೆ ಎಲ್ಲ ಕಡೆಗೂ ಕೆಂಪು ಇರುವ ಐದಾರು ಸೆಕೆಂಡ್ ಸೇರಿಸಲು ಹೇಳಿ. ಖರ್ಚಿಲ್ಲದ ಕೆಲಸ, ಟೈಮರ್ ಬದಲಿಸಿದರೆ ಆಯಿತು.

ನೆರಳಿಲ್ಲದ ಸೈಕಲ್ ದಾರಿ ನಮ್ಮಲ್ಲಿ ವರ್ಷಕ್ಕೆ ನಾಲ್ಕು ತಿಂಗಳು ಖಾಲಿ. ಬೇವು, ಹೊಂಗೆ 6–8 ಮೀಟರಿಗೊಂದು ಸಾಕು. ಉತ್ತರ-ದಕ್ಷಿಣ ಹೋಗುವ ರಸ್ತೆಯಲ್ಲಿ ಗಿಡ ಟ್ರ್ಯಾಕಿನ ಪಡುವಣ ಮಗ್ಗುಲಿಗೆ ಇದ್ದರೆ ಮಧ್ಯಾಹ್ನದ ಮೇಲಿನ ಬಿಸಿಲು ತಡೆಯುತ್ತದೆ. ಬಳ್ಳಾರಿ ಜಾಲಿ ಪಕ್ಕದಲ್ಲಿ ಇರಲೇಬಾರದು, ಅದರ ಮುಳ್ಳು ಟೈರ್, ಟ್ಯೂಬ್ ಎರಡನ್ನೂ ದಾಟುತ್ತದೆ. ವಾರಕ್ಕೊಮ್ಮೆ ಗುಡಿಸುವ ಜವಾಬ್ದಾರಿ ಯಾರದು ಎಂದು ಮನವಿಯಲ್ಲೇ ಕೇಳಿ.

ನಿಲ್ಲಿಸುವ ಜಾಗಕ್ಕೆ ಮುಂದಿನ ಚಕ್ರ ಮಾತ್ರ ಸಿಕ್ಕಿಸುವ ಸ್ಟ್ಯಾಂಡ್ ಬೇಡ, ರಿಮ್ ಸೊಟ್ಟಗಾಗುತ್ತದೆ, ಬೀಗ ಹಾಕಲೂ ಬರುವುದಿಲ್ಲ. ತಲೆಕೆಳಗಾದ ‘ಯು’ ಆಕಾರದ ಪೈಪ್, 50 ಮಿ.ಮೀ. ದಪ್ಪ, ನೆಲದ ಮೇಲೆ 75–80 ಸೆಂ.ಮೀ., ನೆಲದೊಳಗೆ 30, ಒಂದರಿಂದ ಒಂದಕ್ಕೆ ಒಂದು ಮೀಟರ್. ಪ್ರತಿಯೊಂದಕ್ಕೆ ಎರಡು ಸೈಕಲ್. ಬಸ್ ನಿಲ್ದಾಣ, ಸ್ಟೇಷನ್, ಜಿಲ್ಲಾ ಆಸ್ಪತ್ರೆಗಳಲ್ಲಿ ಬಾಗಿಲಿನಿಂದ 30 ಮೀಟರ್ ಒಳಗೆ, ತಗಡಿನ ಚಾವಣಿ, ರಾತ್ರಿ ದೀಪ. ಮರದಡಿಯ ಪಂಕ್ಚರ್ ಅಂಗಡಿಯವರನ್ನು ಎಬ್ಬಿಸಬಾರದು, ಅವರಿಗೆ ಗುರುತಿನ ಚೀಟಿ ಕೊಟ್ಟು ಅಲ್ಲೇ ಜಾಗ ಕೊಡಲಿ.

ಕೊನೆಗೆ ಮನವಿ. ರಸ್ತೆ ಯಾರದು ಎಂಬ ಪಟ್ಟಿ ಮೊದಲು ಮಾಡಿ. ಒಂದೇ ಮಾರ್ಗದಲ್ಲಿ ಪಾಲಿಕೆ, ಲೋಕೋಪಯೋಗಿ, ಹೆದ್ದಾರಿಯವರು, ನಗರಾಭಿವೃದ್ಧಿ ಪ್ರಾಧಿಕಾರ ನಾಲ್ವರೂ ಇರಬಹುದು, ಹುಮನಾಬಾದ್ ಕಡೆಯಿಂದ ಜೇವರ್ಗಿ ಕಡೆಗೆ ಹೋಗುವುದು ರಾಷ್ಟ್ರೀಯ ಹೆದ್ದಾರಿ 50. ಪ್ರತಿ ತುಂಡಿಗೆ ಪ್ರತ್ಯೇಕ ಪ್ರತಿ ಕಳಿಸಿ, ಒಂದನ್ನು ಜಿಲ್ಲಾಧಿಕಾರಿಗೆ ಕೊಡಿ. ಹತ್ತು ರಸ್ತೆ ಕೇಳಬೇಡಿ. ಸ್ಟೇಷನ್–ಪಟೇಲ್ ಸರ್ಕಲ್–ಜಗತ್–ಸೂಪರ್ ಮಾರ್ಕೆಟ್–ಗಂಜ್, ಈ ಒಂದು ಮಾರ್ಗ ಎಲ್ಲಾ ಸರ್ಕಲ್ ಸಮೇತ ಪೂರ್ತಿ ಆಗಲಿ ಎಂದು ಕೇಳಿ, ಎರಡನೆಯದಾಗಿ ಸೇಡಂ ರಸ್ತೆಯಲ್ಲಿ ವಿಶ್ವವಿದ್ಯಾಲಯದವರೆಗೆ. ನೀರಿನ ಪೈಪ್, ಒಳಚರಂಡಿಗೆ ರಸ್ತೆ ಅಗೆಯುವುದು ಯಾವಾಗ ಎಂದು ಕೇಳಿ ತಿಳಿದುಕೊಳ್ಳಿ. ಮುಚ್ಚುವಾಗಲೇ ಟ್ರ್ಯಾಕ್ ಮಾಡಿದರೆ ಖರ್ಚು ತಗ್ಗುತ್ತದೆ, ಮೊದಲೇ ಮಾಡಿದರೆ ಅಗೆದು ಹಾಕುತ್ತಾರೆ. ಷರತ್ತಿನಲ್ಲಿ ಇನ್ನೊಂದು ಸಾಲು ಸೇರಿಸಿ: ಬಿಲ್ ಪಾಸಾಗುವ ಮೊದಲು 3 ಮೀಟರಿನ ನೇರ ಅಲ್ಯೂಮಿನಿಯಂ ಪಟ್ಟಿಯನ್ನು ಟ್ರ್ಯಾಕಿನ ಮೇಲೆ ಇಟ್ಟು ನೋಡಬೇಕು, ಪಟ್ಟಿಯಡಿ ಎಲ್ಲಿಯೂ 5 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು, ಆ ದಿನ ನಿಮ್ಮ ಸಂಘದ ಇಬ್ಬರು ಸ್ಥಳದಲ್ಲಿರಬೇಕು.