ಬ್ರೋಕರ್ ಫೀಸ್ ಕೊನೆಯಲ್ಲಿ ಏರಿದ್ದರೆ
ನಿಮ್ಮ ಪ್ರಶ್ನೆ ಇಷ್ಟು ತಾನೇ: ಅಮೆರಿಕದಲ್ಲಿ ಮನೆ ಸಾಲ ತೆಗೆದುಕೊಂಡಿರಿ, ಲೋನ್ ಎಸ್ಟಿಮೇಟ್‌ನಲ್ಲಿ (ಶುರುವಿನಲ್ಲಿ ಕೊಡುವ ಅಂದಾಜು ಖರ್ಚಿನ ಕಾಗದ) ಬ್ರೋಕರ್ ಫೀಸ್, ಅಂದರೆ ಸಾಲ ಕುದುರಿಸಿಕೊಟ್ಟ ಮಧ್ಯವರ್ತಿಯ ಶುಲ್ಕ, 2,000 ಡಾಲರ್ ಇತ್ತು, ಕ್ಲೋಸಿಂಗ್ ಡಿಸ್‌ಕ್ಲೋಷರ್‌ನಲ್ಲಿ (ಸಹಿಗೆ ಮುಂಚೆ ಕೊಡುವ ಅಂತಿಮ ಲೆಕ್ಕದ ಕಾಗದ) 3,200 ಆಯಿತು. ಸಹಿ ಹಾಕಿಬಿಟ್ಟೆ, ಇನ್ನು ಏನೂ ಮಾಡಕ್ಕಾಗಲ್ವಾ ಅಂತ.

ಆಗುತ್ತದೆ. ಬ್ರೋಕರ್ ಫೀಸ್ ಸುಮ್ನೆ ಏರಿಸುವ ಹಾಗಿಲ್ಲ. ನೀವೇ ಸಾಲದ ಮೊತ್ತ ಬದಲಿಸಿದಂಥ ಸರಿಯಾದ ಕಾರಣ ಇದ್ದು, ಹೊಸ ಎಸ್ಟಿಮೇಟ್ ಸಮಯಕ್ಕೆ ಕೊಟ್ಟಿದ್ದರೆ ಮಾತ್ರ ನಡೆಯುತ್ತದೆ. ಇಲ್ಲದಿದ್ದರೆ ಆ 1,200 ಡಾಲರನ್ನು ಸಾಲ ಕೊಟ್ಟವರು ವಾಪಸ್ ಕೊಡಬೇಕು. ಕ್ಲೋಸಿಂಗ್, ಅಂದರೆ ಸಹಿ ಹಾಕಿ ಸಾಲ ಪಕ್ಕಾ ಆದ 60 ದಿನದೊಳಗೆ ಕೊಟ್ಟು ಸರಿಪಡಿಸಿಕೊಳ್ಳಲು ಅವರಿಗೆ ಅವಕಾಶವಿದೆ. ಹಾಗಾಗಿ ಬ್ರೋಕರ್ ಜೊತೆ ಫೋನಲ್ಲಿ ಜಗಳ ಆಡಬೇಡಿ (ನಾನು ಆಡಿದ್ದೆ, ಎರಡು ವಾರ ದಂಡ). ನೇರ ಸಾಲ ಕೊಟ್ಟವರಿಗೆ ಬರವಣಿಗೆಯಲ್ಲಿ ಕೇಳಿ, ಎರಡೂ ಕಾಗದ ಲಗತ್ತಿಸಿ.

ಇನ್ನೊಂದು ನೋಡಿ. ಕ್ಲೋಸಿಂಗ್ ಡಿಸ್‌ಕ್ಲೋಷರ್‌ನ ಎರಡನೇ ಪುಟ, 'ಎ' ಭಾಗ. ಬಲತುದಿಯಲ್ಲಿ 'ಪೇಯ್ಡ್ ಬೈ ಅದರ್ಸ್' ಅನ್ನೋ ಕಾಲಂ ಇದೆ. ನಿಮ್ಮ ಕಾಲಂನಲ್ಲೂ ಬ್ರೋಕರ್ ಹೆಸರಿಗೆ ದುಡ್ಡು, ಅಲ್ಲೂ ಸಾಲ ಕೊಟ್ಟವರಿಂದ ಅದೇ ಬ್ರೋಕರ್‌ಗೆ ದುಡ್ಡು ಇದ್ದರೆ ವಿಷಯ ಜಾಸ್ತಿ ಗಂಭೀರ. ಒಂದೇ ಸಾಲಕ್ಕೆ ಎರಡೂ ಕಡೆಯಿಂದ ಸಂಭಾವನೆ ಪಡೆಯುವುದನ್ನು 2011ರಲ್ಲೇ ನಿಲ್ಲಿಸಿದ್ದಾರೆ.

ಉತ್ತರ ಬರದಿದ್ದರೆ ಸಿಎಫ್‌ಪಿಬಿಗೆ (ಸಾಲ, ಬ್ಯಾಂಕ್ ವಿಷಯದಲ್ಲಿ ಗ್ರಾಹಕರ ಹಿತ ಕಾಯುವ ಅಮೆರಿಕ ಸರ್ಕಾರದ ಸಂಸ್ಥೆ) ಆನ್‌ಲೈನ್ ದೂರು ಕೊಡಿ, ಖರ್ಚಿಲ್ಲ. ಕೋರ್ಟಿಗೆ ಹೋಗುವ ಯೋಚನೆ ಇದ್ದರೆ ವಕೀಲರನ್ನು ಬೇಗ ಕಾಣಿ. ಇಂಥ ಸಾಲದ ಕಾಗದಗಳಲ್ಲಿನ ತಪ್ಪಿಗೆ ಪರಿಹಾರ ಕೇಳಲು ಸಾಮಾನ್ಯವಾಗಿ ಒಂದೇ ವರ್ಷದ ಗಡುವು.