ಸುಟ್ಸ್ಕೆವೆರ್ ಯಾರಿಗಾಗಿ ಬರೆದರು?

ಮಾನ್ಯರೇ,

ಕಳೆದ ಸಂಚಿಕೆಯಲ್ಲಿ ಬಂದ ಪೂರ್ವ ಯುರೋಪಿನ ಯಹೂದಿಗಳ ಆಡುನುಡಿಯಾದ ಯಿದ್ದಿಷ್‌ನ ಕವಿ ಅವ್ರೊಮ್ ಸುಟ್ಸ್ಕೆವೆರ್ ಅವರ ಪರಿಚಯ ಓದಿ ನೀವು ಬರೆದ ಪತ್ರ ತಲುಪಿತು. ‘ಆ ಭಾಷೆಯನ್ನು ಆಡುವವರನ್ನೇ ನಾಜಿಗಳು ಕೊಂದುಹಾಕಿದ ಮೇಲೆ ಅವರು ಯಾರಿಗಾಗಿ ಬರೆದರು? ಇಸ್ರೇಲಿಗೆ ಹೋದ ಮೇಲಾದರೂ ಹೀಬ್ರೂವಿನಲ್ಲಿ ಬರೆಯಬಹುದಿತ್ತಲ್ಲ? ಸತ್ತ ಭಾಷೆಗೆ ಅಂಟಿಕೊಂಡದ್ದು ಬರೀ ಹಟವಲ್ಲವೇ?’ ಎಂದು ಕೇಳಿದ್ದೀರಿ. ಪತ್ರಿಕೆ ನಡೆಸುವ ನನಗೆ ಈ ಪ್ರಶ್ನೆ ನಾಟಿದೆ. ಹಾಗಾಗಿ ತುಸು ದೀರ್ಘವಾಗಿಯೇ ಉತ್ತರಿಸುತ್ತಿದ್ದೇನೆ.

ಮೊದಲು ವಿಲ್ನಾದ ಮಾತು. ಇಂದಿನ ಲಿಥುವೇನಿಯಾದ ವಿಲ್ನಿಯಸ್ ನಗರವೇ ಅದು. 1941ರಲ್ಲಿ ಯಹೂದಿಗಳನ್ನು ಅಲ್ಲಿನ ಘೆಟ್ಟೊದೊಳಗೆ, ಅಂದರೆ ಅವರಿಗೆಂದೇ ಮುಚ್ಚಿದ ಕೇರಿಯೊಳಗೆ, ಕೂಡಿಹಾಕಿದ ನಾಜಿಗಳು, ಸುಟ್ಸ್ಕೆವೆರ್ ಮತ್ತು ಅವರ ಗೆಳೆಯರನ್ನು ‘ಯಿವೊ’ ಎಂಬ ಯಿದ್ದಿಷ್ ಸಂಶೋಧನಾ ಸಂಸ್ಥೆಯ ಕಟ್ಟಡದಲ್ಲಿ ಪುಸ್ತಕ ವಿಂಗಡಿಸುವ ಕೆಲಸಕ್ಕೆ ಹಚ್ಚಿದರು. ಬೆಲೆಬಾಳುವವು ಜರ್ಮನಿಗೆ, ಉಳಿದವು ಕಾಗದದ ಗಿರಣಿಗೆ. ಒಲೆ ಉರಿಸಲು ರದ್ದಿ ಕಾಗದ ಬೇಕೆಂದು ಸುಟ್ಸ್ಕೆವೆರ್ ಜರ್ಮನರಿಂದಲೇ ಅನುಮತಿ ಚೀಟಿ ಪಡೆದರು. ಆ ‘ರದ್ದಿ’ಯಲ್ಲಿ ಮನೆಗೆ ಬಂದದ್ದು ಟಾಲ್‌ಸ್ಟಾಯ್, ಗೋರ್ಕಿ, ಶೊಲೆಮ್ ಅಲೈಖೆಮ್ ಮುಂತಾದವರ ಪತ್ರಗಳು, ಹಸ್ತಪ್ರತಿಗಳು. ಚಳಿಯಲ್ಲಿ ನಡುಗುತ್ತಿದ್ದ ಮನೆಯಲ್ಲಿ ಅವುಗಳಲ್ಲಿ ಒಂದೂ ಒಲೆಗೆ ಬೀಳಲಿಲ್ಲ. 1943ರ ಸೆಪ್ಟೆಂಬರಿನಲ್ಲಿ ಪತ್ನಿಯೊಂದಿಗೆ ಕಾಡಿಗೆ ತಪ್ಪಿಸಿಕೊಂಡರು. ಮರುವರ್ಷ ನಗರ ಬಿಡುಗಡೆಯಾದಾಗ ಹಿಂದಿರುಗಿ, ಹೀಗೆ ಉಳಿಸಿ ಹೂತಿಟ್ಟಿದ್ದ ಪತ್ರ, ಹಸ್ತಪ್ರತಿಗಳನ್ನು ಅಗೆದು ತೆಗೆದರು.

ತಾಯಿಯನ್ನೂ ಆಗತಾನೆ ಹುಟ್ಟಿದ ಗಂಡುಮಗುವನ್ನೂ ಅವರು ಉಳಿಸಿಕೊಳ್ಳಲಾಗಲಿಲ್ಲ. ಘೆಟ್ಟೊದ ಆಸ್ಪತ್ರೆಯಲ್ಲಿ ಕೂಸಿಗೆ ವಿಷ ಹಾಕಿ ಕೊಂದಿದ್ದರು. ತಂದೆ ಹೋಗಿ ಮುಟ್ಟಿದಾಗ ಮೈ ಇನ್ನೂ ಬೆಚ್ಚಗಿತ್ತು. 1946ರ ಫೆಬ್ರವರಿ 27ರಂದು ನಾಜಿ ನಾಯಕರ ವಿಚಾರಣೆ ನಡೆಸಿದ ನ್ಯೂರೆಂಬರ್ಗ್ ನ್ಯಾಯಾಲಯದಲ್ಲಿ ಇದನ್ನು ಅವರು ಹೇಳಿದ್ದು ರಷ್ಯನ್ ಭಾಷೆಯಲ್ಲಿ. ಯಿದ್ದಿಷ್‌ನಲ್ಲಿ ಹೇಳಬೇಕೆಂದು ಅವರಿಗೆ ಆಸೆಯಿತ್ತು, ಅವಕಾಶ ಸಿಗಲಿಲ್ಲ. ಕುಳಿತುಕೊಳ್ಳಿ ಎಂದರೂ ಕೂರದೆ, ಸತ್ತವರಿಗಾಗಿ ಪ್ರಾರ್ಥನೆ ಹೇಳುವವರಂತೆ ನಿಂತೇ ಸಾಕ್ಷಿ ನುಡಿದರು. ಕೊಂದವರ ಭಾಷೆಗೆ ಆ ಸಭಾಂಗಣದಲ್ಲಿ ಜಾಗವಿತ್ತು, ಸತ್ತವರ ಭಾಷೆಗೆ ಇರಲಿಲ್ಲ. ಅವರು ಭಾಷೆ ಬದಲಿಸಲಿಲ್ಲವೇಕೆ ಎಂದು ಕೇಳುವಾಗ ಈ ಒಂದು ದಿನವನ್ನು ದಯವಿಟ್ಟು ನೆನೆಯಿರಿ.

ಇನ್ನು ಇಸ್ರೇಲಿನ ವಿಷಯ. 1947ರಲ್ಲಿ ಅವರು ಅಲ್ಲಿಗೆ ಬಂದರು. ಹೊಸ ನಾಡು ಹೀಬ್ರೂವನ್ನು ಎದೆಗೊತ್ತಿಕೊಂಡಿತ್ತು. ಯಿದ್ದಿಷ್ ಎಂದರೆ ದೇಶಭ್ರಷ್ಟರ, ಸೋತವರ ನುಡಿ ಎಂಬ ತಾತ್ಸಾರವಿತ್ತು. ಅಂಥಲ್ಲಿ, 1949ರಲ್ಲಿ, ಕಾರ್ಮಿಕ ಒಕ್ಕೂಟ ಹಿಸ್ತಾದ್ರುತ್‌ನ ನೆರವಿನಿಂದ ‘ದಿ ಗೋಲ್ಡೆನೆ ಕೇಯ್ಟ್’, ಅಂದರೆ ‘ಚಿನ್ನದ ಸರಪಳಿ’, ಎಂಬ ಯಿದ್ದಿಷ್ ತ್ರೈಮಾಸಿಕವನ್ನು ತೆಲ್ ಅವೀವ್‌ನಲ್ಲಿ ಆರಂಭಿಸಿದರು. 1995ರವರೆಗೆ ನಡೆಸಿದರು. ಒಟ್ಟು 141 ಸಂಚಿಕೆಗಳು. ಒಂದು ಸಂಚಿಕೆ ಹೊರತರುವ ಪಾಡು ಬಲ್ಲ ನಾನು ಈ ಸಂಖ್ಯೆಗೆ ಕೈಮುಗಿಯುತ್ತೇನೆ.

‘ಯಾರಿಗಾಗಿ’ ಎಂಬ ನಿಮ್ಮ ಪ್ರಶ್ನೆಗೆ ಉತ್ತರ ಆ ಪುಟಗಳಲ್ಲಿಯೇ ಇದೆ. ದಿಕ್ಕಾಪಾಲಾಗಿ ದೇಶದೇಶಗಳಲ್ಲಿ ಉಳಿದ ಯಿದ್ದಿಷ್ ಲೇಖಕರು ಒಂದೆಡೆ ಸೇರುತ್ತಿದ್ದದ್ದು ಅಲ್ಲಿ. 1950ರ ದಶಕದ ಆರಂಭದಲ್ಲಿ ‘ಯುಂಗ್ ಇಸ್ರೋಯೆಲ್’ ಎಂಬ ಎಳೆಯ ಬರಹಗಾರರ ಗುಂಪು ಕಟ್ಟಿಕೊಂಡಾಗ ಬೆನ್ನ ಹಿಂದೆ ನಿಂತವರು ಸುಟ್ಸ್ಕೆವೆರ್. ಆ ಗುಂಪಿನ ರಿವ್ಕಾ ಬಾಸ್ಮಾನ್ ನಾಜಿ ಶಿಬಿರಗಳಿಂದ ಬದುಕಿ ಬಂದು ಕಿಬ್ಬುತ್ಸ್‌ ಎಂಬ ಸಾಮೂಹಿಕ ಕೃಷಿ ನೆಲೆಯಲ್ಲಿ ನೆಲೆಸಿದ ಕವಯಿತ್ರಿ. ಹೊಸ ಕವಿಗಳು ಹುಟ್ಟುತ್ತಿದ್ದ ಭಾಷೆಯನ್ನು ‘ಸತ್ತದ್ದು’ ಎನ್ನಲು ನನಗೆ ಮನಸ್ಸು ಬಾರದು. ಬ್ರೂಕ್ಲಿನ್‌ನ, ಜೆರುಸಲೇಮಿನ ಹಸೀದ್ ಎಂಬ ಸಂಪ್ರದಾಯನಿಷ್ಠ ಯಹೂದಿ ಪಂಥದ ಮನೆಗಳಲ್ಲಿ ಮಕ್ಕಳು ಇಂದಿಗೂ ಯಿದ್ದಿಷ್‌ನಲ್ಲೇ ಮಾತು ಕಲಿಯುತ್ತಾರೆ.

ಇನ್ನೊಂದು ತಪ್ಪು ತಿಳಿವಳಿಕೆಗೆ ನಮ್ಮ ಲೇಖನವೂ ಕಾರಣವಾಗಿರಬಹುದು. ಅದನ್ನು ಓದಿದರೆ ಅವರು ಬದುಕಿಡೀ ಘೆಟ್ಟೊವನ್ನೇ ಬರೆದರೆನಿಸುತ್ತದೆ. ಹಾಗಲ್ಲ. ಬಾಲ್ಯ ಕಳೆದ ಸೈಬೀರಿಯದ ಹಿಮದ ಮೇಲೆ ಅವರು ಬರೆದ ನೀಳ್ಗವಿತೆಗೆ ಮುಂದೆ ಚಿತ್ರಕಾರ ಶಾಗಾಲ್ ಚಿತ್ರ ಬರೆದರು. 1950ರಲ್ಲಿ ಆಫ್ರಿಕಾ ಸುತ್ತಿ ಬಂದು ರಾತ್ರಿಯ ಆನೆಗಳ ಬಗ್ಗೆ ಬರೆದರು. ಹಿಮದ ನಾಡಿನ ಭಾಷೆಗೆ ಆನೆಯ ಹೆಜ್ಜೆಸಪ್ಪಳ, ಸಿನಾಯ್ ಮರುಭೂಮಿಯ ಮರಳು ತಂದುಕೊಟ್ಟರು. 2010ರಲ್ಲಿ, 96ನೆಯ ವಯಸ್ಸಿನಲ್ಲಿ, ತೆಲ್ ಅವೀವ್‌ನಲ್ಲಿ ತೀರಿಕೊಂಡರು.

ಆನೆಗಳ ಕವಿತೆಯೊಂದರ ಅನುವಾದವನ್ನು ಮುಂದಿನ ಸಂಚಿಕೆಗೆ ಸಿದ್ಧಪಡಿಸುತ್ತಿದ್ದೇವೆ. ಓದಿ, ಮತ್ತೆ ಬರೆಯಿರಿ.

– ಸಂಪಾದಕ